ಜಾಹೀರಾತು ಮುಗಿಯಲಿ ಅಂತ

ಮೊನ್ನೆ ಮಧ್ಯಾಹ್ನ ಮೊರದಲ್ಲಿ ಅಕ್ಕಿ ಹಾಕಿಕೊಂಡು ಟೀವಿ ಮುಂದೆ ಕೂತಿದ್ದೆ. ಧಾರಾವಾಹಿಯ ಅತ್ತೆ ಸೊಸೆಗೆ ಏನೋ ಗುಟ್ಟು ಹೇಳುತ್ತಿದ್ದಳು. ಇವರು ಜಗಳವನ್ನೂ ಪಿಸುಮಾತಿನಲ್ಲೇ ಆಡುತ್ತಾರೆ. ಕೇಳಲಿಲ್ಲವೆಂದು ಸೌಂಡು ಏರಿಸಿದೆ. ಗುಟ್ಟು ಇನ್ನೇನು ಬಾಯಿಗೆ ಬಂತು ಅನ್ನುವಾಗ ಅವಳು ಮಾಯವಾಗಿ, ಬಟ್ಟೆ ಒಗೆಯುವ ಪುಡಿಯವನು ಬಂದು ನನ್ನ ಕಿವಿಯೊಳಗೇ ಕಿರುಚಿದ. ಮೊರ ಕೈಯಿಂದ ಜಾರಿತು. ಅಕ್ಕಿಯೂ ಆರಿಸಿ ತೆಗೆದ ಕಲ್ಲೂ ನೆಲದ ಮೇಲೆ ಮತ್ತೆ ಒಂದಾದವು.

ನಿಮ್ಮ ಮನೆಯಲ್ಲೂ ಹೀಗೇ ಇರಬೇಕು. ಮಾತು ಕೇಳಲೆಂದು ಏರಿಸಿ, ಜಾಹೀರಾತು ಬಂತೆಂದು ಇಳಿಸಿ, ನನ್ನ ರಿಮೋಟಿನ ಮೇಲಿನ ಅಕ್ಷರಗಳೇ ಅಳಿಸಿಹೋಗಿವೆ. ಇದ್ದರೂ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಅವುಗಳಿಂದ ಏನಾಗಬೇಕಿತ್ತು! ಕೇಬಲ್ಲಿನವನನ್ನು ನಿಲ್ಲಿಸಿ ಕೇಳಿದೆ. "ಅಲ್ಲಿಂದಽ ಹಂಗ ಬರ್ತೈತಿ ಬೇ ಯವ್ವಾ, ನಾ ಏನ್ ಮಾಡ್ಲಿ?" ಅಂದ. ಅಲ್ಲಿಂದ ಎಂದರೆ ಎಲ್ಲಿಂದ ಎಂದು ಅವನಿಗೂ ಗೊತ್ತಿಲ್ಲ. ಗೋಡೆಯಾಚೆಯ ಖಾಜಾಬಿ ಮಾತ್ರ ಸುಮ್ಮನಿರುವವಳಲ್ಲ. "ಏ ಬುಡ್ಡೀ, ನಿನ್ ಸಾಬೂನಿನ ನೊರಿ ನನ್ ಮನಿತನಕ ಬಂದೈತಿ, ಬಂದ್ ಮಾಡ್ ಬೇ!" ಎಂದು ಅಲ್ಲಿಂದಲೇ ಒದರುತ್ತಾಳೆ.

ನಾನೇನು ಮೆತ್ತನೆ ದನಿಯವಳಲ್ಲ. ಮೈಯಲ್ಲಿ ಕಸುವಿರುವವರೆಗೆ ಬಳಗಾನೂರು ಕಡೆ ಭತ್ತದ ಸಸಿ ಹಚ್ಚಿದವಳು. ಕಾಲುವೆಯ ಈ ದಂಡೆಯಲ್ಲಿ ನಿಂತು ಕೂಗಿದರೆ ಆಚೆ ಗದ್ದೆಯ ಹೆಂಗಸರು ಬಗ್ಗಿದ ಸೊಂಟ ನೆಟ್ಟಗೆ ಮಾಡುತ್ತಿದ್ದರು. ನನ್ನ ಅಕ್ಕ ಹುಲಿಗೆವ್ವನದು ಸಣ್ಣ ದನಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದರೂ ದನಿಯನ್ನೆಲ್ಲ ನಾನೇ ಬಾಚಿಕೊಂಡಿದ್ದೆ. ಬುತ್ತಿ ಬಿಚ್ಚಿ ಅವಳು ಊಟಕ್ಕೆ ಕರೆದರೆ ಪಕ್ಕದಲ್ಲಿದ್ದವರಿಗೂ ಕೇಳುತ್ತಿರಲಿಲ್ಲ. ಅವಳ ಪರವಾಗಿ ನಾನು ಕರೆಯಬೇಕಿತ್ತು.

ಈ ಅಕ್ಕ ಕಡೆಗಾಲದಲ್ಲಿ ಲಿಂಗಸುಗೂರಿನಲ್ಲಿ ಮಗ ಅಮರೇಶನ ಮನೆಯಲ್ಲಿದ್ದಳು. ಅವನಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದ ಮೇಲೆ ಹಿಂದಿನ ಕೋಣೆಯ ಮಂಚವೇ ಅವಳ ಊರಾಯಿತು. ನಡುಮನೆಯಲ್ಲಿ ಗೋಡೆಯಗಲದ ಟೀವಿ. ಒಂದು ಸಲ ನೋಡಲು ಹೋದಾಗ ಅವಳ ತುಟಿ ಒಣಗಿ ಬಿರಿದಿತ್ತು.

"ನೀರು ಕೇಳಾಕ ಏನಾಗೈತಿ ನಿನಗ? ಬಾಯಿ ಬಿದ್ದೈತೇನು?" ಅಂದೆ.

"ತಡಿ, ಈಗ ಜಾಹೀರಾತು ನಡದೈತಿ," ಅಂದಳು. "ಈಗ ಕರದ್ರ ಅವರಿಗೆ ಕೇಳಂಗಿಲ್ಲ. ಮೊದ್ಲು ಸಾಬೂನು, ಆಮ್ಯಾಗ ಎಣ್ಣಿ, ಬಂಗಾರದ ಅಂಗಡಿ, ಕಡೀಕ ಗ್ವಾಡಿಗಿ ಹಚ್ಚೂ ಬಣ್ಣ. ಬಣ್ಣ ಮುಗೀತಂದ್ರ ಕರೀತೀನಿ."

"ಅಲ್ಲಿತನಕ ನೀರಡಿಕಿ ತಡಕೊಂಡು ಬಿದ್ದಿರ್ತಿ?"

"ತಡೀತೈತಿ ಬಿಡು. ಅವರೇನು ಬೇಕಂತ ಮಾಡ್ತಾರ? ಜಾಹೀರಾತಿಗೆ ಯಾರ್ ಏನ್ ಮಾಡಾಕ ಬರ್ತೈತಿ?"

ಸೊಸೆ ಶಾಂತಾಳಿಗೆ ಹೇಳಿದೆ, ಟೀವಿ ಸಣ್ಣಗೆ ಇಡು ಎಂದು. "ತಾನಽ ದೊಡ್ಡದಾಗತೈತ್ರಿ ಅತ್ತಿ, ನಿಮ್ಮನ್ಯಾಗ ಆಗಂಗಿಲ್ಲೇನ್ರಿ?" ಅಂದಳು. ನಮ್ಮ ಮನೆಯಲ್ಲೂ ಆಗುತ್ತಿತ್ತು. ನಾಲ್ಕು ತಂಬಿಗೆ ನೀರು ಮಂಚದ ಕೆಳಗೆ ಸಾಲಾಗಿ ಇಟ್ಟು, ಅವಳು ಬಗ್ಗಲಾರಳು ಎಂಬುದನ್ನು ಮರೆತು, ನನ್ನೂರು ಮಸ್ಕಿಯ ಬಸ್ಸು ಹಿಡಿದೆ. ಇಷ್ಟು ನನ್ನ ಬುದ್ಧಿ.

ಅಕ್ಕ ಬೇಸಿಗೆಯಲ್ಲಿ ಹೋದಳು. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ. ಕೊರಳಿಗೆ ಕೊರಳು ಹಚ್ಚಿ, ಹಾಡಿ ಅಳುತ್ತೇವೆ. ಆ ಹಾಡಿನಲ್ಲಿ ಏನು ಬೇಕಾದರೂ ಅನ್ನಬಹುದು. ಉಣ್ಣಲು ಇಕ್ಕದ ಸೊಸೆಯನ್ನು, ಹೊಡೆದ ಗಂಡನನ್ನು ಎಲ್ಲರ ಮುಂದೆ ಎತ್ತಿ ಆಡಬಹುದು; ಯಾರೂ ಎದುರು ಮಾತಾಡುವಂತಿಲ್ಲ. ಹೆಣ ಎತ್ತುವವರೆಗೆ ಮಾತ್ರ. ಎತ್ತಿದ ಮೇಲೆ ಅದೇ ಮಾತು ಆಡಿದರೆ ಅದು ಜಗಳ.

ಮಸ್ಕಿಯಿಂದ ಲಿಂಗಸುಗೂರಿನವರೆಗೆ ಬಸ್ಸಿನಲ್ಲಿ ನನ್ನ ಅಳುವನ್ನು ಜೋಡಿಸಿಕೊಂಡೆ. ಕಣ್ಣೀರು ಬರಲಿಲ್ಲ, ಮಾತು ಬಂದವು. ಅಕ್ಕ ಬಾಯಿಬಿಟ್ಟು ಕರೆದದ್ದು, ಮಗ ಟೀವಿ ಮುಂದೆ ಕೂತದ್ದು, ಬಣ್ಣ ಮುಗಿಯುವವರೆಗೆ ಅವಳು ಕಾದದ್ದು, ಎಲ್ಲವನ್ನೂ ಸಾಲಾಗಿ ಇಟ್ಟುಕೊಂಡೆ. ಅವಳ ಪರವಾಗಿ ಕರೆಯುವವಳು ನಾನೇ ತಾನೆ!

ಆ ಮನೆಯಲ್ಲಿ ಬೆಳಗಿನಿಂದ ಕರೆಂಟು ಇರಲಿಲ್ಲ. ಹೆಣವನ್ನು ನಡುಮನೆಯಲ್ಲೇ, ಟೀವಿಯ ಗೋಡೆಗೆ ಆನಿಸಿ ಕೂರಿಸಿದ್ದರು. ಓಣಿಯ ಹೆಂಗಸರು ಸುತ್ತ ಕೂತಿದ್ದರು. ಅಮರೇಶ ಬಾಗಿಲಲ್ಲಿ ನಿಂತಿದ್ದ. ಅಕ್ಕನ ಕಾಲು ಹಿಡಿದು ದನಿ ಎತ್ತಿದೆ:

"ನೀರು ನೀರಂತ ಕರದ್ಯಲ್ಲ ನನ್ನಕ್ಕಾ, ಹಡದ ಮಗ ಒಳಗಽ ಇದ್ದನಲ್ಲ ನನ್ನಕ್ಕಾ..."

ಕರೆಂಟು ಬಂತು. ಟೀವಿಯ ಗುಂಡಿ ಆರಿಸುವುದು ಯಾರಿಗೂ ನೆನಪಾಗಿರಲಿಲ್ಲ. ಅಕ್ಕನ ತಲೆಯ ಮೇಲೆ ಮದುವಣಗಿತ್ತಿಯೊಬ್ಬಳು ಕೊರಳ ತುಂಬ ಬಂಗಾರ ಹೇರಿಕೊಂಡು ಕುಣಿಯತೊಡಗಿದಳು. ಡೋಲು, ಶಹನಾಯಿ, ಒಡವೆಯ ಮಜೂರಿಯಲ್ಲಿ ರಿಯಾಯಿತಿ ಎಂಬ ಕೂಗು. ಕಾಲುವೆ ದಾಟುತ್ತಿದ್ದ ನನ್ನ ದನಿ ಆ ಕೋಣೆ ದಾಟಲಿಲ್ಲ. "ರಿಮೋಟ್ ಎಲ್ಲೈತಿ, ರಿಮೋಟ್!" ಎಂದು ಅಮರೇಶ ದಿಂಬು ಜಾಡಿಸಿದ. ಅದು ಹೆಣದ ಕೆಳಗೆ ಸಿಕ್ಕಿಕೊಂಡಿತ್ತೋ ಏನೋ. ಯಾರೋ ಟೀವಿಯ ಮೇಲೆ ಚಾದರ ಹೊದಿಸಿದರು. ಮದುವೆ ಚಾದರದೊಳಗೆ ನಡೆಯಿತು. ಒಬ್ಬಾಕೆ ಬಾಯಿಗೆ ಸೆರಗು ತುರುಕಿಕೊಂಡು ಮೈ ಕುಲುಕಿಸಿದಳು. ಅಳುವೆಂದು ಇಟ್ಟುಕೊಳ್ಳೋಣ. ಕಡೆಗೆ ಯಾರೋ ವೈರು ಕಿತ್ತಾಗ ಹೆಣ ಎತ್ತುವವರು ಒಳಗೆ ಬಂದಿದ್ದರು. "ಹೊತ್ತಾತು, ಸರೀರಿ ಯವ್ವಾ," ಅಂದರು. ಸರಿದೆ.

ಅಂದಿನಿಂದ ಜಾಹೀರಾತೆಂದರೆ ನನಗೆ ವೈರಿ. ಅಕ್ಕನ ನೀರನ್ನೂ ನನ್ನ ಮಾತನ್ನೂ ನುಂಗಿದ್ದು ಅದೇ.

ಮೊನ್ನೆ ಚೆಲ್ಲಿದ ಅಕ್ಕಿ ಬಳಿಯುತ್ತಿದ್ದಾಗ ಬಾಗಿಲಲ್ಲಿ ಅಮರೇಶ ನಿಂತಿದ್ದ. ಕಚೇರಿ ಕೆಲಸಕ್ಕೆ ಸಿಂಧನೂರಿಗೆ ಹೋಗಿದ್ದವನು ದಾರಿಯಲ್ಲಿ ಇಳಿದಿದ್ದ. ಚಹಾ ಮಾಡಿ ಕೊಟ್ಟೆ. ಶಾಂತಾ ಹೇಗಿದ್ದಾಳೆ ಎಂದು ಕೇಳುವಾಗ ಮತ್ತೆ ಜಾಹೀರಾತು ಕಿರುಚಿತು.

"ಚಿಗವ್ವಾ, ಸೌಂಡ್ ಕಮ್ಮಿ ಮಾಡ್ ಬೇ. ನೀ ಅಂದಿದ್ದು ಕೇಳಲಿಲ್ಲ."

ನನಗೆ ಎಲ್ಲಿತ್ತೋ ಸಿಟ್ಟು. ವೈರನ್ನೇ ಕಿತ್ತೆ.

"ನಿನಗ ಯಾವಾಗ ಕೇಳೈತೋ ಭಾಡ್ಯಾ? ನಿಮ್ಮವ್ವ ನೀರಿಗೆ ಬಾಯಿ ಬಾಯಿ ಬಿಡೂ ಮುಂದ ಕೇಳಿತ್ತೇನು? ಜಾಹೀರಾತು ಮುಗೀಲಿ ಅಂತ ಕಾಯ್ಕೋಂತ ಬಿದ್ದಿದ್ಲು ಆಕಿ."

ಹಾಡಿನಲ್ಲಿ ಹೇಳಬೇಕಾದದ್ದನ್ನು ಜಗಳದಲ್ಲಿ ಹೇಳಿದೆ. ಅವನು ಎದ್ದು ಹೋಗುತ್ತಾನೆ ಅಂದುಕೊಂಡೆ. ಹೋಗಲಿಲ್ಲ. ಕಪ್ಪಿನೊಳಗೆ ನೋಡುತ್ತ ಕೂತ.

"ಕೇಳ್ತಿತ್ತು ಚಿಗವ್ವಾ," ಅಂದ.

"ಏನಂದಿ?"

"ಕೇಳ್ತಿತ್ತು. ಗಳಿಗಿಗೊಮ್ಮೆ ಕರೀತಿದ್ಲು. ನೀರು ಕೊಟ್ರ ಮಗ್ಗಲಾ ಬದಲಿಸು ಅಂತಿದ್ಲು, ಬದಲಿಸಿದ್ರ ಮತ್ತ ನೀರು. ಸಾಕಾಗಿತ್ತು ನಮಗ. ಜಾಹೀರಾತು ಬಂದಾಗ ನಾವಽ ಇನ್ನಷ್ಟು ಏರಿಸ್ತಿದ್ವಿ."

ಅಕ್ಕನ ಕೋಣೆಗೂ ಟೀವಿಗೂ ನಡುವೆ ಹತ್ತು ಹೆಜ್ಜೆ. ಸೌಂಡು ತಾನಾಗಿ ಏರುವುದಕ್ಕೂ ಕೈಯಿಂದ ಏರಿಸುವುದಕ್ಕೂ ಇರುವ ಫರಕು ಅವಳಿಗೆ ತಿಳಿಯದೆ ಇದ್ದೀತೇ? ಸಾಬೂನು, ಎಣ್ಣೆ ಎಂದು ಬೆರಳು ಮಡಚಿ ಎಣಿಸಿ ತೋರಿಸಿದ್ದು ನನ್ನ ಬಾಯಿ ಮುಚ್ಚಿಸಿ ಮಗನ ಮರ್ಯಾದೆ ಉಳಿಸಲಿಕ್ಕೋ ಏನೋ. ಕೇಳೋಣವೆಂದರೆ ಅವಳಿಲ್ಲ.

ಅವನ ಚಹಾ ಆರಿತ್ತು. ಬಿಸಿ ಮಾಡಿ ಕೊಡಲಿಲ್ಲ, ಅವನೂ ಕೇಳಲಿಲ್ಲ. "ಬರ್ತೀನಿ ಚಿಗವ್ವಾ," ಅಂದ. "ಹೋಗು," ಅಂದೆ. ನಮ್ಮಲ್ಲಿ ಯಾರಿಗೂ ಹಾಗೆ ಅನ್ನುವುದಿಲ್ಲ, ಹೋಗಿ ಬಾ ಅನ್ನುತ್ತೇವೆ.

ಇವತ್ತೂ ಟೀವಿ ಹಚ್ಚಿದ್ದೇನೆ. ಪುಡಿಯವನು ಬಂದು ಕಿರುಚಿಕೊಂಡು ಹೋದ. ಖಾಜಾಬಿ ಗೋಡೆ ಬಡಿದಳು. ನಾನು ರಿಮೋಟ್ ಮುಟ್ಟಲಿಲ್ಲ. ಪುಡಿಯವನ ಮೇಲೆ ಸಿಟ್ಟು ಬರಲಿಲ್ಲ. ಅವನು ಕಿರುಚುವುದು ಪುಡಿ ಮಾರಲಿಕ್ಕೆ, ಅಷ್ಟೇ.