ರೈನೊನ ಗ್ಯಾರೇಜಿಗೆ ಬಿಸಿ ನೆಲ

ವಿಚ್ಛೇದನವಾದಾಗ ನ್ಯಾಯಾಲಯ ಮನೆಯನ್ನು ಲೋರ್ನಾಗೆ ಕೊಟ್ಟಿತು, ಹಿತ್ತಿಲಿನ ಗ್ಯಾರೇಜನ್ನು ರೈನೊನಿಗೆ. ಆ ಹಂಚಿಕೆ ಮಾಡಿದವರಿಗೆ ಈ ಇಬ್ಬರ ಪರಿಚಯವಿದ್ದಿದ್ದರೆ ನಡುವೆ ಒಂದು ಬೆಟ್ಟವನ್ನಾದರೂ ಇಡುತ್ತಿದ್ದರು. ಇದ್ದದ್ದು ನಾಲ್ಕು ಮಾರು ಅಂಗಳ.

ರೈನೊ ಹಾಪಲ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯಲ್ಲಿ, ಅದಿರು ಹಡಗುಗಳ ಕಟ್ಟೆಯಲ್ಲಿ ದುಡಿದು ನಿವೃತ್ತನಾದವನು. ಈಗ ಊರವರ ಹಿಮದ ಮೇಲೆ ಓಡುವ ಸ್ನೋಮೊಬೈಲು, ಹಿಮ ತೂರುವ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಕೈ ಒಳ್ಳೆಯದು, ನಾಲಿಗೆ ಕೆಟ್ಟದ್ದು. ಗಿರಾಕಿಗಳು ಯಂತ್ರ ಇಳಿಸಿ ಮಾತಿಗೆ ನಿಲ್ಲದೆ ಹೊರಟುಬಿಡುತ್ತಿದ್ದರು. ವಾಸ ಪೇಟೆಯ ಬಾಡಿಗೆ ಕೋಣೆಯಲ್ಲಿ. ಬೆಳಗಾದರೆ ಲೋರ್ನಾಳ ಅಡುಗೆಮನೆಯ ಕಿಟಕಿ ದಾಟಿಯೇ ಗ್ಯಾರೇಜಿಗೆ ಹೋಗಬೇಕು. ಅವನು ಬರುವುದು ಕಂಡರೆ ಅವಳು ಪರದೆ ಎಳೆಯುತ್ತಿದ್ದಳು. ಎಳೆದದ್ದು ಅವನಿಗೆ ಕಾಣಲಿ ಎಂದೇ ಎಳೆಯುತ್ತಿದ್ದಳು.

ಆ ಗ್ಯಾರೇಜಿನಲ್ಲಿ ಸೂರಿಗೆ ತೂಗುಹಾಕಿದ ಗ್ಯಾಸ್ ಹೀಟರ್ ಒಂದಿತ್ತು. ಅದು ತಲೆಯನ್ನಷ್ಟೇ ಕಾಯಿಸುತ್ತಿತ್ತು. ಯಂತ್ರಗಳಿಂದ ಕರಗಿ ಬಿದ್ದ ಹಿಮ ಕಾಂಕ್ರೀಟಿನ ಮೇಲೆ ಮತ್ತೆ ಗಾಜಿನಂತೆ ಹೆಪ್ಪುಗಟ್ಟುತ್ತಿತ್ತು. ಜನವರಿಯ ಒಂದು ಬೆಳಿಗ್ಗೆ ರೈನೊ ಅದರ ಮೇಲೆ ಜಾರಿ ಬಿದ್ದ. ಸೊಂಟದ ಮೂಳೆ ಮುರಿಯಿತು. ಬಿದ್ದಲ್ಲಿಂದ ಬಾಗಿಲಿನ ಗಾಜಿನಾಚೆ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು, ಅದರೊಳಗೆ ಅವಳು ಓಡಾಡುವುದೂ ಕಾಣುತ್ತಿತ್ತು. ‘ಲೋರ್ನಾ’ ಎಂದು ಒಮ್ಮೆ ಕೂಗಿದ್ದರೆ ಸಾಕಿತ್ತು. ಅವನು ಕೂಗಲಿಲ್ಲ. ಯಂತ್ರ ಒಯ್ಯಲು ಬಂದ ಗಿರಾಕಿಯೊಬ್ಬ ನೋಡುವಷ್ಟರಲ್ಲಿ ಬೆನ್ನು ಮರಗಟ್ಟಿ ಹೋಗಿತ್ತು.

ಇನ್ನು ತಣ್ಣನೆಯ ನೆಲದ ಮೇಲೆ ಮಲಗಿ ಕೆಲಸ ಮಾಡುವುದಾದರೆ ನನ್ನ ಹತ್ತಿರ ಬರಬೇಡಿ ಎಂದರು ಡಾಕ್ಟರು. ಕೆಲಸ ಬಿಟ್ಟರೆ ರೈನೊನಿಗೆ ಇನ್ನೇನೂ ಇರಲಿಲ್ಲ. ಹಿಮ ಕರಗಿದ ಮೇಲೆ ಕೋಲೂರಿಕೊಂಡು ಬಂದು, ಮನೆಗಳಿಗೆ ಬಿಸಿನೀರಿನ ಕೊಳವೆ ಹಾಕುವ ಓರೆನ್ ತೆರ್ವೊನನ್ನು ಕರೆಸಿದ. ಇಬ್ಬರೂ ಹಳೆಯ ಗೆಳೆಯರು.

ಓರೆನ್ ನೆಲವನ್ನು ಬೂಟಿನಿಂದ ಕುಟ್ಟಿ ನೋಡಿದ. “ಇದನ್ನ ಒಡೆದು ಹಾಕೋಣ. ಅಡಿಯಲ್ಲಿ ಬಿಸಿ ಸೋರದ ಹಾಗೆ ದಪ್ಪ ಫೋಮ್, ಅದರ ಮೇಲೆ ಕೊಳವೆ, ಆಮೇಲೆ ಕಾಂಕ್ರೀಟು. ಬಿಸಿನೀರು ಲೋರ್ನಾಳ ನೆಲಮಾಳಿಗೆಯಿಂದ ಎಳೆದ್ರಾಯ್ತು. ಅವಳ ಬಾಯ್ಲರಿಗೆ ಈ ಗೂಡು ಒಂದು ತುತ್ತೂ ಅಲ್ಲ.”

“ಅವಳ ನೀರಲ್ಲಿ ನಾನು ಬೆಚ್ಚಗಾಗೋದಾ? ಅದಕ್ಕಿಂತ ಸರೋವರಕ್ಕೆ ಹಾರ್ತೀನಿ.”

ಓರೆನ್ ಕೇಳದೆ ಹೋಗಿ ಲೋರ್ನಾಳನ್ನು ಕರೆತಂದ. ಅವಳು ಕೈ ಒರೆಸಿಕೊಳ್ಳುತ್ತಾ ಹೊಸ್ತಿಲಲ್ಲಿ ನಿಂತಳು. “ಕೊಡ್ತೀನಿ. ಆದ್ರೆ ನೀರು ಬಿಡೋ, ನಿಲ್ಸೋ ವಾಲ್ವು ನನ್ನ ಕಡೆ ಇರ್ಬೇಕು.”

“ನೋಡ್ದಾ?” ಎಂದ ರೈನೊ ಓರೆನ್‌ಗೆ. “ಮೂಗುದಾರ ರೆಡಿ ಮಾಡ್ಕೊಂಡೇ ಬಂದಿದಾಳೆ.”

“ಬೇಡ್ವಾ, ಬಿಡು. ಬಿದ್ಕೊಂಡಿರು.”

“ಬಿದ್ದಿದ್ದೆನಲ್ಲ, ಅವತ್ತು. ನೋಡ್ದೆ ತಾನೇ ನೀನು?”

ಲೋರ್ನಾ ತಡವರಿಸಲಿಲ್ಲ. “ನೋಡ್ದೆ. ಯಂತ್ರದ ಕೆಳಗೆ ಮಲಗೋದೇ ನಿನ್ನ ಬಾಳಲ್ವಾ, ಇವತ್ತೂ ಹಾಗೇ ಅಂದ್ಕೊಂಡೆ. ಬಾಯಿಗೆ ಏನಾಗಿತ್ತು ನಿಂಗೆ? ಊರಿಗೆಲ್ಲ ಬಯ್ಯಕ್ಕೆ ಬರತ್ತೆ, ನನ್ನ ಹೆಸರು ಕೂಗಕ್ಕೆ ಬರಲ್ವಾ?”

ರೈನೊ ಕೋಲನ್ನು ಗೋಡೆಗೆ ಬೀಸಿ ಎಸೆದ. ಅವಳು ಅದನ್ನೊಮ್ಮೆ ನೋಡಿ ಹೊರಟುಹೋದಳು.

ಅಂದೇ ಅವನ ತೀರ್ಮಾನ ಗಟ್ಟಿಯಾಯಿತು. ನೀರೂ ಬೇಡ, ಬಾಯ್ಲರೂ ಬೇಡ, ನೆಲ ಕಾಯಿಸಲು ಕರೆಂಟಿನ ತಂತಿ. ಸ್ವಂತ ಮೀಟರ್ ಹಾಕಿಸಿದರೆ ಯಾರ ಹಂಗೂ ಇಲ್ಲ. ನೆಲ ಒಡೆದು ಫೋಮ್ ಹಾಸುವುದಕ್ಕೂ ಅವನಿಗೆ ತಾಳ್ಮೆಯಿರಲಿಲ್ಲ.

“ಫೋಮ್ ಇಲ್ದೆ ತಂತಿ ಹಾಕಿದ್ರೆ ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ ಕಣೋ. ಬಿಸಿಯೆಲ್ಲ ಮಣ್ಣಿಗೆ ಹೋಗತ್ತೆ” ಎಂದ ಓರೆನ್.

“ನಿನ್ನ ಕೊಳವೆ ಮಾರೋದಕ್ಕೆ ಏನು ಬೇಕಾದ್ರೂ ಹೇಳ್ತೀಯ.”

ಓರೆನ್ ಟೇಪು ಮಡಚಿ ಜೇಬಿಗೆ ಹಾಕಿಕೊಂಡ. “ಹಾಗಾದ್ರೆ ನೀನೇ ಹಾಕ್ಕೋ, ಮಹರಾಯ.”

ರೈನೊ ತಾನೇ ಹಾಕಿದ. ಬೇಸಿಗೆಯಿಡೀ ಮಂಡಿಯೂರಿ ತಂತಿ ಹಾಸಿ, ಮೇಲೆ ತೆಳುವಾಗಿ ಕಾಂಕ್ರೀಟು ಎಳೆದ. ಮೀಟರಿನ ಸಂಪರ್ಕಕ್ಕೆ ಮಾತ್ರ ಪರವೂರಿನ ಎಲೆಕ್ಟ್ರಿಷಿಯನ್ ಬಂದ. ನವೆಂಬರಿನಲ್ಲಿ ಸ್ವಿಚ್ ಒತ್ತಿದಾಗ ನೆಲ ಬೆಚ್ಚಗಾಯಿತು, ಅವನಿಗೆ ನಗುವೂ ಬಂತು. ಡಿಸೆಂಬರಿನಲ್ಲಿ ಸರೋವರದ ಗಾಳಿ ಏಳುತ್ತಿದ್ದಂತೆ ಬಿಸಿ ಹೋಯಿತು. ಮೀಟರು ಹುಚ್ಚು ಹಿಡಿದಂತೆ ಓಡುತ್ತಿತ್ತು, ಬೆನ್ನಿಗೆ ಉಗುರುಬೆಚ್ಚನೆಯೂ ತಾಗುತ್ತಿರಲಿಲ್ಲ. ಬಾಗಿಲ ಬುಡದಲ್ಲಿ ಮತ್ತೆ ಗಾಜಿನಂಥ ಪದರ. ಚಳಿಗಾಲವಿಡೀ ಹಲ್ಲು ಕಚ್ಚಿಕೊಂಡು ಅದರ ಮೇಲೆಯೇ ಮಲಗಿ ದುಡಿದ. ಯಾರಿಗೂ ಹೇಳಲಿಲ್ಲ.

ಹೇಳಬೇಕಾಗಿಯೂ ಇರಲಿಲ್ಲ. ಗ್ಯಾರೇಜಿನ ಗೋಡೆಯ ಹೊರಮಗ್ಗುಲು ಲೋರ್ನಾಳ ತೋಟದ ಪಾತಿ. ಊರೆಲ್ಲ ಸೊಂಟದುದ್ದ ಹಿಮದಡಿ ಹೂತಿದ್ದಾಗ ಅಲ್ಲಿ ಮಾತ್ರ ಕಪ್ಪು ಮಣ್ಣು ತೆರೆದುಕೊಂಡಿತ್ತು. ಮಾರ್ಚ್ ಹುಟ್ಟುವಾಗ ಹುಳಿದಂಟಿನ ರೂಬಾರ್ಬ್ ಗಿಡ ಕೆಂಪು ಮೊಳಕೆ ಒಡೆಯಿತು. ಲೋರ್ನಾ ಅಕ್ಕಪಕ್ಕದವರನ್ನು ಕರೆದು ತೋರಿಸಿದಳು, ರೈನೊ ಬಂದಾಗ ಎಲ್ಲರೂ ಬೇಲಿಯ ಹತ್ತಿರ ನಿಂತಿದ್ದರು.

“ಯಾಕೆ ಸುಮ್ನೆ ಬಯ್ಯೋದು ಪಾಪ?” ಎಂದಳು ಅವರಿಗೆ, ಅವನ ಮುಖ ನೋಡುತ್ತಾ. “ಕಟ್ಕೊಂಡಾಗ ನನ್ನ ಬೆಚ್ಚಗಿಡ್ಲಿಲ್ಲ, ಈಗ ಬಿಟ್ಟ ಮೇಲೆ ನನ್ನ ಗಿಡನಾದ್ರೂ ಬೆಚ್ಚಗಿಟ್ಟಿದಾನೆ.”

ನೆರೆಯವರು ನಕ್ಕರು. ರೈನೊ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಇಡೀ ದಿನ ಒಂದು ಬೋಲ್ಟನ್ನೂ ತಿರುಗಿಸಲಿಲ್ಲ.

ಆಮೇಲೆ ಅವನು ಮಾಡಿದ್ದು ಅವನ ಜಾಯಮಾನಕ್ಕೆ ಹೊರತಾದದ್ದು. ಓರೆನ್‌ನ ಮನೆಗೆ ಹೋಗಿ, ನೀನು ಹೇಳಿದ ಹಾಗೇ ಮಾಡು ಎಂದ. ಅಲ್ಲಿಂದ ಬಂದು ಲೋರ್ನಾಳ ಅಡುಗೆಮನೆಯ ಬಾಗಿಲು ತಟ್ಟಿದ.

“ಬಾಯ್ಲರಿಂದ ನೀರು ಎಳ್ಕೊಳ್ಳೋಣ ಅಂತಿದಾನೆ ಓರೆನ್. ವಾಲ್ವು ನಿನ್ನ ಕಡೇನೇ ಇರ್ಲಿ.”

ಲೋರ್ನಾ ಬಾಗಿಲನ್ನು ಪೂರ್ತಿ ತೆರೆಯಲಿಲ್ಲ. “ಕೊಡ್ತೀನಿ ಅಂದಾಗ ಮೂಗುದಾರ ಅಂದೆ. ಈಗ ನಾನು ಹೇಳ್ತೀನಿ, ಬೇಡ.”

“ಲೋರ್ನಾ.”

“ಈಗ ಬಂತಾ ಹೆಸರು?”

ಬಾಗಿಲು ಮುಚ್ಚಿತು. ರೈನೊ ಮೆಟ್ಟಿಲಿಳಿದ. ಅವಮಾನಕ್ಕಿಂತ ಹೆಚ್ಚಾಗಿ, ಅವಳ ಜಾಗದಲ್ಲಿ ತಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎಂಬುದು ಅವನನ್ನು ಕುಟುಕಿತು.

ಓರೆನ್ ಗ್ಯಾರೇಜಿನ ಗೋಡೆಗೇ ಗ್ಯಾಸಿನ ಪುಟ್ಟ ಬಾಯ್ಲರ್ ಕೂರಿಸಿದ. ಇಬ್ಬರೂ ಸೇರಿ ಹಳೆಯ ನೆಲವನ್ನು ತಂತಿಯ ಸಮೇತ ಒಡೆದು ಸಾಗಿಸಿದರು. ಅಡಿಗೂ ಅಂಚಿಗೂ ಫೋಮ್ ಇಟ್ಟು, ಕೊಳವೆ ಸುತ್ತಿ, ಹೆಪ್ಪುಗಟ್ಟದ ದ್ರವ ತುಂಬಿ, ಹೊಸ ಕಾಂಕ್ರೀಟು ಸುರಿದರು. ಮುಂದಿನ ಚಳಿಗಾಲ ನೆಲ ಒಣಗಿಯೇ ಇತ್ತು. ರೈನೊ ಅಂಗಿಯ ತೋಳು ಮಡಚಿ ಅಂಗಾತ ಮಲಗಿ ಕೆಲಸ ಮಾಡಿದ.

ಫೆಬ್ರವರಿಯ ಬಿರುಗಾಳಿಯಲ್ಲಿ ಲೋರ್ನಾಳ ಹಿಮ ತೂರುವ ಯಂತ್ರ ಕೆಟ್ಟಿತು. ಊರಲ್ಲಿ ಬೇರೆ ರಿಪೇರಿಯವನಿಲ್ಲ. ಅದನ್ನು ಎಳೆದುಕೊಂಡು ಬಂದು ಗ್ಯಾರೇಜಿನೊಳಗೆ ನೂಕಿದಳು. ಬೆಚ್ಚನೆಯ ನೆಲದ ಮೇಲೆ ಅವಳ ಬೂಟಿನ ಹಿಮ ಕರಗಿ ಹರಿಯತೊಡಗಿತು. ಅವಳು ಕಾಲೆತ್ತಲಿಲ್ಲ.

ಬೇರೊಂದು ಯಂತ್ರದಡಿಯಿಂದ ರೈನೊ ತಲೆಯೆತ್ತದೆ ಹೇಳಿದ: “ಬಾಗಿಲು ಹಾಕು, ಬಿಸಿ ಹೋಗತ್ತೆ.”

“ಒಳಗಿಂದ್ಲಾ, ಹೊರಗಿಂದ್ಲಾ?”

“ಹೊರಗಿಂದ.”

ಅವಳು ಗಾಜು ಅದುರುವಂತೆ ಬಾಗಿಲು ಬಡಿದು ಹೋದಳು. ಸಂಜೆಯ ಹೊತ್ತಿಗೆ ಅವನು ಯಂತ್ರ ಸರಿಮಾಡಿ, ಹಿಮ ಬೀಳುತ್ತಿದ್ದ ಅಂಗಳದ ನಡುವೆ ನಿಲ್ಲಿಸಿ, ಒಳಗೆ ಬಂದು, ಅವಳ ಕಿಟಕಿಗೆ ಕಾಣುವಂತೆ ದೀಪ ಆರಿಸಿದ.