ನಾರಿಸ್‌ನ ಸೋಮವಾರ

ನಾರಿಸ್ ಬ್ಯಾರಕ್ಲಫ್ ಮಾರ್ಚ್ ಹತ್ತನೇ ತಾರೀಖು, ಸೋಮವಾರ ಮಧ್ಯಾಹ್ನ, ತನ್ನ ಮನೆಯಲ್ಲಿ ಕುರ್ಚಿಯ ಮೇಲೆ ಕೂತಲ್ಲೇ ತೀರಿಕೊಂಡ. ಎಪ್ಪತ್ತೊಂಬತ್ತು ವರ್ಷವಾಗಿತ್ತು. ಬೂಟು ಕೂಡ ಬಿಚ್ಚಿರಲಿಲ್ಲ.

ಅವನು ಪ್ಲಂಬರ್, ನಾನು ಶಾಲೆಯ ಮೇಷ್ಟ್ರು. ನಲವತ್ತಾರು ವರ್ಷ ಒಂದೇ ಬೀದಿಯಲ್ಲಿ ಬಾಳಿದೆವು. ಶುಕ್ರವಾರ ಸಂಜೆ ಅವನ ಮನೆ ಮೆಟ್ಟಿಲ ಮೇಲೆ ಕೂತು ಕಾಗದದ ಪೊಟ್ಟಣದಿಂದಲೇ ಕರಿದ ಮೀನು ತಿನ್ನುತ್ತಿದ್ದೆವು. ಈ ಶುಕ್ರವಾರ ಅಂಗಡಿಯವಳು ಕೇಳದೆಯೇ ಎರಡು ಪೊಟ್ಟಣ ಕಟ್ಟಿಕೊಟ್ಟಳು. ಎರಡನ್ನೂ ಮನೆಗೆ ತಂದೆ.

ನಮ್ಮ ಬಾಬಿನ್ ಸ್ಟ್ರೀಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕಾಲ್ಡರ್ ಕಣಿವೆಯಲ್ಲಿ ಬಟ್ಟೆ ಗಿರಣಿಯವರು ಕಟ್ಟಿಸಿದ ಆರು ಕಲ್ಲಿನ ಮನೆಗಳ ಸಾಲು ಅದು. ಹಿತ್ತಿಲ ಅಂಗಳ ಎಲ್ಲರದ್ದೂ ಸೇರಿ ಒಂದೇ. ನೀರಿನ ಪೈಪೂ ಒಂದೇ, ಸೀಸದ್ದು. ಮೇಲಿನ ಮೂಲೆಯಲ್ಲಿ ಒಳಗೆ ಬಂದು ಮನೆಗೊಂದು ಕವಲು ಕೊಡುತ್ತ ಕೆಳಗಿಳಿಯುತ್ತದೆ. ಆರನೆಯದು ನಮ್ಮ ಮನೆ. ಐದು ಮನೆಯವರು ಬಳಸಿ ಉಳಿದದ್ದು ನಮಗೆ.

ಐದನೆಯ ಮನೆಯಲ್ಲಿ ಐವಿ ಲಂಬ್ ಎಂಬ ವಿಧವೆ ಇದ್ದಳು. ಸಾವಿರದ ಒಂಬೈನೂರ ತೊಂಬತ್ತನಾಲ್ಕರಲ್ಲಿ ಅವಳಿಗೆ ಕಾಂಬಿ ಬಾಯ್ಲರ್ ಬೇಕೆನಿಸಿತು. ಅದು ಆಗ ಹೊಸದು. ಅಟ್ಟದ ಮೇಲೆ ತೊಟ್ಟಿ ಬೇಡ, ಬಿಸಿನೀರು ತುಂಬಿಡುವ ತಾಮ್ರದ ಹಂಡೆಯೂ ಬೇಡ. ನಲ್ಲಿ ತಿರುಗಿಸಿದಾಗ ಬರುವ ನೀರನ್ನು ಬಂದ ಹಾಗೇ ಕಾಯಿಸಿ ಕೊಡುತ್ತದೆ. ಆದರೆ ನೀರು ರಭಸವಾಗಿ ಬರಬೇಕು. ಸಣ್ಣಗೆ ಬಂದರೆ ಉರಿ ಆರಿಹೋಗುತ್ತದೆ. ಅದಕ್ಕೇ ಮೊದಲು ನಲ್ಲಿಯಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಬರುತ್ತದೆಂದು ಅಳೆಯುವುದು. ನಾರಿಸ್ ಅಳೆದ. ಹದಿಮೂರು ಬಂತು. ಹಂಡೆ, ತೊಟ್ಟಿ ಎರಡನ್ನೂ ಕಿತ್ತು ಬಾಯ್ಲರ್ ಕೂರಿಸಿದ.

ಮುಂದಿನ ಸೋಮವಾರ ಬೆಳಗ್ಗೆ ಐವಿ ಒದ್ದೆ ಏಪ್ರನ್ನಿನಲ್ಲೇ ಬಂದು ಅವನ ಬಾಗಿಲು ಬಡಿದಳು. ನಾನು ಶಾಲೆಗೆ ಹೊರಟವನು ಅಲ್ಲೇ ನಿಂತೆ.

“ಲೋ ನಾರಿಸ್, ನೀನು ಹಾಕಿರೋ ಡಬ್ಬ ಉಫ್ ಅಂತ ಆರ್ತಿದೆ, ಮೇಣದಬತ್ತಿ ಥರ! ಮೈತುಂಬ ಸೋಪು ನಂದು.”

“ಅಳತೆ ಮಾಡೇ ಹಾಕಿದ್ನಲ್ಲ ಐವಿಯಮ್ಮ. ಹದಿಮೂರು ಲೀಟರ್ ಬಂತು.”

“ಯಾವತ್ತು ಅಳೆದೆ?”

“ಬುಧವಾರ.”

“ಬುಧವಾರ ಈ ಬೀದೀಲಿ ಯಾರು ಬಟ್ಟೆ ಒಗೀತಾರೋ, ಪೆದ್ದ ಮುಂಡೇದೆ?”

ನಾರಿಸ್‌ನ ಮುಖ ಕೆಂಪಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಮ್ಮಲ್ಲಿ ಆಗ ಬಟ್ಟೆ ಒಗೆಯುವುದೆಂದರೆ ಸೋಮವಾರ. ಆರು ಮನೆಯ ಮೆಷಿನ್ನುಗಳೂ ಏಳು ಗಂಟೆಗೆ ಒಟ್ಟಿಗೆ ನೀರು ಎಳೆಯುತ್ತಿದ್ದವು. ಹತ್ತು ಗಂಟೆಗೆ ಅಂಗಳದಲ್ಲಿ ಒಗೆದ ಬಟ್ಟೆಯ ನಡುವೆ ಬಗ್ಗಿಯೇ ದಾಟಬೇಕು. ನಾರಿಸ್ ಹುಟ್ಟಿದ್ದು ಇದೇ ಬೀದಿಯಲ್ಲಿ. ತಾಯಿಯ ಪ್ರತಿ ಸೋಮವಾರವನ್ನೂ ಕಂಡವನು. ಆದರೂ ಬುಧವಾರ ಅಳೆದ.

ಹೊಸ ಹಂಡೆ ತಂದು ಕೂರಿಸಲು ಎಂಟು ದಿನ ಹಿಡಿಯಿತು. ಅಷ್ಟೂ ದಿನ ಬೆಳಗ್ಗೆ ಸಂಜೆ ತನ್ನ ಮನೆಯಿಂದ ಅವಳಿಗೆ ಬಿಸಿನೀರು ಹೊತ್ತ. ಕೆಲಸ ಮುಗಿದ ದಿನ ಐವಿ ತನ್ನ ಒಗೆಯುವ ತಗಡಿನ ಬಕೆಟ್ಟನ್ನು ಅವನ ಕೈಗಿತ್ತು, “ಇನ್ಮೇಲೆ ಇದ್ರಲ್ಲಿ ಅಳಿ, ವಾರ ಯಾವುದು ಅಂತ ಜ್ಞಾಪಕ ಇರತ್ತೆ” ಎಂದಳು. ಅವನು ಬಕೆಟ್ಟಿನ ಒಳಗೆ ಅರದಿಂದ ಲೀಟರಿಗೊಂದು ಗೀರು ಹಾಕಿಕೊಂಡ. ಮುಂದೆ ಕೆಲಸ ಬಿಡುವವರೆಗೂ ಅದರಲ್ಲೇ ಅಳೆದ, ಸೋಮವಾರ ಮಾತ್ರ ಅಳೆದ.

ಕಾಲಕ್ರಮದಲ್ಲಿ ಸೋಮವಾರವೇ ಹೋಯಿತು. ಗಿರಣಿ ಮುಚ್ಚಿತು, ಐವಿ ಹೋದಳು, ಜನ ಬದಲಾದರು, ಅವರವರಿಗೆ ಬಿಡುವಾದಾಗ ಒಗೆಯತೊಡಗಿದರು. ಅಂಗಳದ ಹಗ್ಗ ಬರಿದಾಯಿತು. ಆಗ ನಾರಿಸ್ ಸಾಲಿನ ಪ್ರತಿ ಬಾಗಿಲನ್ನೂ ತಟ್ಟಿ ಕೇಳುತ್ತಿದ್ದ: “ನಂಗೊಂದು ಸೋಮವಾರ ಮಾಡ್ಕೊಡಿ. ಎರಡೇ ನಿಮಿಷ.” ಹಗ್ಗದ ಮೇಲೆ ದಿಂಬಿನ ಚೀಲ ಏರಿದರೆ ಎಲ್ಲರೂ ಅಡುಗೆಮನೆಯ ನಲ್ಲಿ ಪೂರ್ತಿ ಬಿಡಬೇಕು, ಇಳಿದರೆ ನಿಲ್ಲಿಸಬೇಕು. ಹತ್ತು ವರ್ಷ ಪಕ್ಕದಲ್ಲಿದ್ದೂ ಹೆಸರು ತಿಳಿಯದವರು ಆ ಎರಡು ನಿಮಿಷ ಕಿಟಕಿಯಿಂದ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು.

ಈ ಫೆಬ್ರವರಿಯಲ್ಲಿ ನಮ್ಮ ಹಂಡೆ ಸೋರತೊಡಗಿತು. ನನ್ನ ಹೆಂಡತಿ ಥೆಲ್ಮಾಳಿಗೆ ಕೀಲುನೋವು. ಬೆಳಗ್ಗೆ ಬಿಸಿನೀರಿನಲ್ಲಿ ಅರ್ಧ ಗಂಟೆ ಮಲಗದಿದ್ದರೆ ಅವಳ ಬೆರಳು ಗುಂಡಿ ಹಾಕುವುದಿಲ್ಲ. ಕಂಪನಿಯೊಂದರಿಂದ ಹೆಂಗಸೊಬ್ಬಳು ಗುರುವಾರ ಹತ್ತು ಗಂಟೆಗೆ ಬಂದು ಅಳೆದು, “ಹನ್ನೆರಡು ಲೀಟರ್, ಚೆನ್ನಾಗಿದೆ, ಕಾಂಬಿ ಹಾಕಬಹುದು” ಎಂದು ಸಹಿಗೆ ಕಾಗದ ಬಿಟ್ಟುಹೋದಳು. ನನಗೆ ಸಂತೋಷವಾಯಿತು. ಥೆಲ್ಮಾ ಹಂಡೆಯ ಕಪಾಟಿನ ಬಾಗಿಲು ತೆರೆದು ನಿಂತಳು. ಹಂಡೆಯ ಬಿಸಿಗೆ ಟವೆಲುಗಳು ಬೆಚ್ಚಗಿರುತ್ತಿದ್ದದ್ದು ಅಲ್ಲಿ, ಶನಿವಾರ ಬ್ರೆಡ್ಡಿನ ಹಿಟ್ಟು ಉಬ್ಬುತ್ತಿದ್ದದ್ದು ಅಲ್ಲಿ. ನಮ್ಮ ಮಗಳು ಅವಧಿಗೆ ಮುಂಚೆ ಹುಟ್ಟಿದಾಗ ಅವಳ ಬಟ್ಟೆಯೆಲ್ಲ ಅಲ್ಲೇ ಇಡುತ್ತಿದ್ದೆವು.

ನಾರಿಸ್‌ಗೆ ಹೇಳಿದೆ. ಅವನು ಕೆಲಸ ಬಿಟ್ಟು ಹತ್ತು ವರ್ಷ. ಹೃದಯ ಸರಿಯಿಲ್ಲ, ಡಾಕ್ಟರು ಭಾರ ಎತ್ತಬೇಡ ಎಂದಿದ್ದರು.

“ಸಹಿ ಹಾಕಿದ್ಯಾ ಮೇಷ್ಟ್ರೇ?”

“ಇನ್ನೂ ಇಲ್ಲ.”

“ಅವಳು ಅಳೆದಿದ್ದು ಯಾವತ್ತು?”

“ಗುರುವಾರ. ಈಗ ಯಾವ ವಾರ ಆದ್ರೇನಯ್ಯ?”

“ಪುಸ್ತಕ ಓದಿ ಓದಿ ತಲೆ ಕೆಟ್ಟಿದೆ ನಿಂಗೆ. ಹಂಡೆ ಕಿತ್ತುಬಿಟ್ರೆ ಅವಳ ಸ್ನಾನಕ್ಕೆ ನೀನು ಹೊರ್ತೀಯಾ ನೀರು? ಸೋಮವಾರ ಬರ್ತೀನಿ.”

ಬಂದ. ಮಾರ್ಚ್ ಹತ್ತರ ಬೆಳಗ್ಗೆ. ಕೋಟು, ಬೂಟು, ಕೈಯಲ್ಲಿ ಐವಿಯ ಬಕೆಟ್ಟು. ಉಳಿದ ನಾಲ್ಕು ಬಾಗಿಲನ್ನೂ ತಾನೇ ತಟ್ಟಿ ಬಂದಿದ್ದ. ಐವಿಯ ಮನೆಯಲ್ಲಿ ಈಗಿರುವ ಶಾಹೀನ್ ತನ್ನ ಅಡುಗೆಮನೆ ಕಿಟಕಿಯಿಂದ ಕೂಗಿದಳು: “ಅಂಕಲ್, ಪಾತ್ರೇನೂ ತೊಳ್ಕೊಂಡುಬಿಡ್ಲಾ? ಹೇಗೂ ನಲ್ಲಿ ಬಿಟ್ಟಿರ್ತೀನಿ.”

“ತೊಳ್ಕೊಳಮ್ಮ, ತೊಳ್ಕೊ. ಅದೇ ಬೇಕಾಗಿರೋದು ನಂಗೆ.”

ಮೊದಲು ನಮ್ಮ ನಲ್ಲಿಯೊಂದನ್ನೇ ಬಿಟ್ಟು ಗಡಿಯಾರ ನೋಡಿದ. ನೀರು ಹನ್ನೆರಡನೆಯ ಗೀರು ಮುಟ್ಟಿತು.

“ನೋಡು,” ಎಂದೆ.

ಅವನು ನೀರು ಚೆಲ್ಲಿ, “ಥೆಲ್ಮಾ, ಏರಿಸಮ್ಮ ಬಾವುಟ” ಎಂದ.

ಥೆಲ್ಮಾ ಹೊರಗೆ ಹೋಗಿ, ಬಗ್ಗದ ಬೆರಳುಗಳಲ್ಲಿ ಕ್ಲಿಪ್ಪಿನೊಡನೆ ಹೆಣಗಿ, ದಿಂಬಿನ ಚೀಲ ಹಾಕಿದಳು. ಗೋಡೆಯೊಳಗೆ ಪೈಪು ಗುನುಗಿತು. ನಮ್ಮ ನಲ್ಲಿಯ ನೀರು ಕಣ್ಣೆದುರೇ ತೆಳ್ಳಗಾಯಿತು, ಪೆನ್ಸಿಲಿನಷ್ಟಾಯಿತು. ನಾರಿಸ್ ನಿಮಿಷ ಮುಗಿಯುವವರೆಗೂ ರೆಪ್ಪೆ ಬಡಿಯದೆ ಕಾದು ನಲ್ಲಿ ನಿಲ್ಲಿಸಿದ. ನಾಲ್ಕನೆಯ ಗೀರು.

ಒಳಗೆ ಬಂದ ಥೆಲ್ಮಾ ಬಕೆಟ್ಟಿನಲ್ಲಿ ಇಣುಕಿದಳು. “ನಾಲ್ಕು ಅಂದ್ರೆ ಏನು ನಾರಿಸ್?”

“ಬೀದಿಯೋರೆಲ್ಲ ಒಟ್ಟಿಗೆ ನಲ್ಲಿ ಬಿಟ್ರೆ ನೀನು ಟಬ್ಬಲ್ಲಿ ಗಡಗಡ ನಡುಗ್ತೀಯ ಅಂತ.”

“ಹಾಗಾದ್ರೆ ನನ್ನ ಕಪಾಟು?”

“ಅಲ್ಲೇ ಇರತ್ತೆ. ಅದೇ ಜಾಗಕ್ಕೆ ಹೊಸ ಹಂಡೆ ಹಾಕ್ಸು. ಹಂಡೆಗೆ ಅವಸರ ಇಲ್ಲ ಕಣಮ್ಮ, ರಾತ್ರಿಯೆಲ್ಲ ನಿಧಾನಕ್ಕೆ ತುಂಬ್ಕೊಳತ್ತೆ.” ನನ್ನ ಕಡೆ ತಿರುಗಿ, “ಮೇಷ್ಟ್ರಿಗೆ ಕಾಂಬಿ ಬೇಕೇ ಬೇಕಾದ್ರೆ ರಸ್ತೆಯಿಂದ ಬೇರೆ ಪೈಪು ಅಗೆಸ್ಕೊಳ್ಲಿ, ಮುಂದಿನ ಜನ್ಮದಲ್ಲಿ.”

ಥೆಲ್ಮಾ ಅಲ್ಲೇ ಸ್ಟೂಲಿನ ಮೇಲೆ ಕೂತಳು. ಎಷ್ಟು ಹೆದರಿದ್ದಳೆಂದು ನನಗೆ ಆಗ ತಿಳಿಯಿತು. ಆ ಕಾಗದವನ್ನು ನಾನು ಹರಿದು ಒಲೆಗೆ ಹಾಕಿದೆ. ಮರುವಾರ ಹೊಸ ಹಂಡೆ ಬಂತು, ಈಗ ತುಂಬಿದೆ. ಅದನ್ನು ನೋಡಲು ಅವನಿರಲಿಲ್ಲ.

ಅಂದು ಚಹಾ ಕುಡಿಯಲು ಕರೆದೆ. “ಆಮೇಲೆ” ಅಂದ. ಬಕೆಟ್ಟಿನ ನೀರನ್ನು ಸಿಂಕಿಗೆ ಚೆಲ್ಲಲು ಕೈಹಾಕಿದರೆ ನನ್ನ ಕೈ ತಳ್ಳಿದ. ಐವಿ ನೆಟ್ಟ ರೂಬಾರ್ಬ್ ಶಾಹೀನಳ ಹಿತ್ತಿಲ ಬಾಗಿಲ ಪಕ್ಕ ಇನ್ನೂ ಇದೆ. ಅದರ ಹುಳಿ ದಂಟಿಗೆ ಮೆಣಸಿನಕಾಯಿ ಹಾಕಿ ಅವಳು ಚಟ್ನಿ ಮಾಡುತ್ತಾಳೆ. ಆ ವಾರವಷ್ಟೇ ಕೆಂಪು ಮೊಳಕೆಗಳು ಮಣ್ಣು ಸೀಳಿದ್ದವು. ನಾರಿಸ್ ದಿಂಬಿನ ಚೀಲ ತೆಗೆದು ಮಡಿಸಿ ಥೆಲ್ಮಾಳ ಕೈಗಿತ್ತ. ಸಾಲಿನ ನಲ್ಲಿಗಳು ಒಂದೊಂದೇ ನಿಂತವು. ಬಕೆಟ್ಟನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಅಂಗಳ ದಾಟಿ, ಮೊಳಕೆಗೆ ತಾಗದಂತೆ ಬುಡದ ಸುತ್ತ, ಆ ನಾಲ್ಕು ಲೀಟರ್ ನೀರನ್ನೂ ಸುರಿದ.