ಗೇಟಿನ ಮುಂದಿನ ಬಿಳಿ ಚೌಕ

ಬೀದಿಯವರೆಲ್ಲ ಆಕೆಯನ್ನು ಕಂಡಕ್ಟರಮ್ಮ ಎನ್ನುತ್ತಾರೆ. ಸಿಟಿ ಬಸ್ಸಿನ ಕೆಲಸ ಬಿಟ್ಟು ಎಷ್ಟೋ ವರ್ಷಗಳಾದವು, ದನಿಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಅಡುಗೆಮನೆಯಲ್ಲಿ ನಿಂತು ಗಂಡನನ್ನು “ರೀ, ಮಾತ್ರೆ ತೊಗೊಂಡ್ರಾ?” ಎಂದು ಕೇಳಿದರೆ ಎದುರು ಮನೆಯವರು ತಮ್ಮ ಮಾತ್ರೆ ಹುಡುಕಿಕೊಳ್ಳುತ್ತಾರೆ.

ಗಂಡ ಇದಕ್ಕೆ ತದ್ವಿರುದ್ಧ. ಬೀದಿಯ ಕೊನೆಯ ಹೈಸ್ಕೂಲಿನ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆದು, ಒರೆಸಿ, ಜೋಡಿಸುತ್ತಲೇ ಆಯುಸ್ಸು ಕಳೆದ ಮನುಷ್ಯ. ಏನನ್ನೇ ಆಗಲಿ ಸದ್ದಾಗದಂತೆ ಕೆಳಗಿಡುವುದು ಆತನಿಗೆ ಅಭ್ಯಾಸವಾಗಿಬಿಟ್ಟಿದೆ, ಮಾತನ್ನೂ ಹಾಗೆಯೇ. ಈಗ ಎರಡೂ ಕಿಡ್ನಿ ಕೈಕೊಟ್ಟಿವೆ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಆಸ್ಪತ್ರೆಯ ವ್ಯಾನ್ ಬಂದು ಡಯಾಲಿಸಿಸ್‌ಗೆ ಕರೆದೊಯ್ಯುತ್ತದೆ. ತಡವಾದರೆ ಅಲ್ಲಿನ ಯಂತ್ರ ಕಾಯುವುದಿಲ್ಲ. ಆತನ ಪಾಲಿನ ಹೊತ್ತು ಮುಗಿದ ಕೂಡಲೇ ಅದು ಮುಂದಿನ ರೋಗಿಯದು. ತಪ್ಪಿಹೋದ ಹೊತ್ತು ಕಾಲಿನ ಬಾವಾಗಿ, ಉಬ್ಬಸವಾಗಿ ಆತನ ಜೊತೆಯಲ್ಲೇ ಮನೆಗೆ ಬರುತ್ತದೆ.

ವ್ಯಾನ್ ಬರುವ ಹೊತ್ತೂ ಶಾಲೆ ಶುರುವಾಗುವ ಹೊತ್ತೂ ಒಂದೇ. ಮೊದಲು ಅದರಿಂದ ತೊಂದರೆ ಇರಲಿಲ್ಲ. ಶಾಲೆಗೆ ತನ್ನದೇ ಅಂಗಳವಿತ್ತು, ವಾಹನಗಳೆಲ್ಲ ಅಲ್ಲೇ ನಿಲ್ಲುತ್ತಿದ್ದವು. ಆಮೇಲೆ ಆಡಳಿತ ಮಂಡಳಿಗೆ ಆ ಅಂಗಳದಲ್ಲಿ ಟೆನಿಸ್ ಕೋರ್ಟ್ ಮಾಡುವ ಆಸೆ ಹುಟ್ಟಿತು. ಕೋರ್ಟ್ ಆಯಿತು, ಸುತ್ತ ಹಸಿರು ಬಲೆ ಬಂತು. ಶಿಕ್ಷಕರ ಕಾರು, ದೊಡ್ಡ ತರಗತಿಯವರ ಬೈಕು, ಮಕ್ಕಳನ್ನು ಬಿಡಲು ಬರುವವರ ಕಾರು, ಎಲ್ಲ ಬೀದಿಗೆ ಬಿದ್ದವು. ಅವೆಲ್ಲ ಎಲ್ಲಿ ನಿಲ್ಲಬೇಕು ಎಂದು ಮಂಡಳಿಯಲ್ಲಿ ಯಾರೂ ಕೇಳಿರಲಿಲ್ಲ. ಅವರ ಪೈಕಿ ಒಬ್ಬರ ಮನೆಯೂ ಈ ಬೀದಿಯಲ್ಲಿರಲಿಲ್ಲ.

ಅಲ್ಲಿಂದ ಕಂಡಕ್ಟರಮ್ಮನ ಬೆಳಗು ಗೇಟಿನ ಬಳಿಯ ಜಗಳದಿಂದಲೇ ಆರಂಭವಾಗತೊಡಗಿತು.

“ಮೇಡಂ, ಇದು ಗೇಟು. ಸ್ವಲ್ಪ ಮುಂದಕ್ಕೆ ತೊಗೊಳ್ಳಿ.”

“ಎರಡೇ ನಿಮಿಷ ಆಂಟಿ. ಮಗಳು ಪ್ರಾಜೆಕ್ಟ್ ಮರೆತು ಬಂದಿದಾಳೆ, ಕೊಟ್ಟು ಬಂದ್ಬಿಡ್ತೀನಿ.”

“ನಿಮ್ಮ ಎರಡು ನಿಮಿಷ ನಮ್ಮ ಯಜಮಾನ್ರ ರಕ್ತದಲ್ಲಿ ಕೂತ್ಕೊಳ್ಳುತ್ತೆ ತಾಯಿ.”

ಆ ತಾಯಿಗೆ ಅರ್ಥವಾಗಲಿಲ್ಲ. ನಡೆಯುತ್ತಲೇ ಭುಜದ ಮೇಲಿಂದ ಕೀಲಿ ಒತ್ತಿದಳು. ಕಾರು ಪೀಂ ಎಂದಿತು, ಉತ್ತರ ಅಷ್ಟೇ.

ವ್ಯಾನಿನವನು ಬೀದಿಯೊಳಗೆ ಬರುವುದನ್ನೇ ಬಿಟ್ಟು ಮೂಲೆಯಲ್ಲಿ ನಿಲ್ಲತೊಡಗಿದ. ಗಂಡ ಹೆಂಡತಿಯ ತೋಳು ಹಿಡಿದು ಬೈಕುಗಳ ಸಂದಿಯಲ್ಲಿ ಅಷ್ಟು ದೂರ ನಡೆಯಬೇಕಾಯಿತು. ಒಂದು ಬೆಳಿಗ್ಗೆ ಮೂಲೆ ಮುಟ್ಟುವ ಮೊದಲೇ ಆತನ ಮೊಣಕಾಲು ಕುಸಿಯಿತು. ಫುಟ್‌ಪಾತಿನ ಅಂಚಿನಲ್ಲಿ ಕುಳಿತುಬಿಟ್ಟ. ಮಕ್ಕಳು ಬಳಸಿಕೊಂಡು ಹೋದರು, ಒಂದು ಕಾರು ಹಾರ್ನ್ ಹೊಡೆಯಿತು. “ಪ್ಯಾಂಟ್ ಕೊಳೆಯಾಯ್ತಲ್ಲ,” ಎಂದಷ್ಟೇ ಆತ ಹೇಳಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಆತನ ಪಾಲಿನ ಅರ್ಧ ಹೊತ್ತು ಕಳೆದಿತ್ತು. ಅಂದು ರಾತ್ರಿ ಆತನಿಗೆ ಮಲಗಲಾಗಲಿಲ್ಲ, ದಿಂಬು ಒರಗಿಕೊಂಡು ಕುಳಿತೇ ಇದ್ದ.

ಮರುದಿನ ಆಕೆ ಹೆಡ್‌ಮಾಸ್ಟರರ ಕೋಣೆಗೆ ಹೋದಳು. ಅವರು ಕುರ್ಚಿ ತೋರಿಸಿದರು, ಕನಿಕರವನ್ನೂ ತೋರಿಸಿದರು. ಆಮೇಲೆ, “ಕಾಂಪೌಂಡಿನ ಆಚೆಗೆ ನಮಗೆ ಅಧಿಕಾರ ಇಲ್ಲಮ್ಮ. ರಸ್ತೆ ಎಲ್ಲರದೂ,” ಎಂದರು.

“ಅಧಿಕಾರ ಒಳಗಿರುತ್ತೆ, ಕಾರು ಹೊರಗಿರುತ್ತೆ. ಚೆನ್ನಾಗಿದೆ ಸ್ವಾಮಿ ಹಂಚಿಕೆ,” ಎಂದು ಎದ್ದು ಬಂದಳು.

ಮನೆಯಲ್ಲಿ ಗಂಡನ ಮುಖ ಸಣ್ಣದಾಗಿತ್ತು. “ಅಲ್ಲಿ ಹೋಗಿ ಕೂಗಾಡಿದ್ಯಾ? ನಾನು ಅನ್ನ ಉಂಡ ಜಾಗ ಕಣೇ ಅದು.”

“ಕೂಗಾಡ್ಲಿಲ್ಲ, ಮಾತಾಡ್ದೆ.”

“ನಿನ್ನ ಮಾತು ಇಲ್ಲಿಗೇ ಕೇಳಿಸ್ತು.”

ಶಾಲೆ ಕೈ ತೊಳೆದುಕೊಂಡ ಮೇಲೆ ಆಕೆ ನಗರಸಭೆಯ ದಾರಿ ಹಿಡಿದಳು. ಬೀದಿಯಲ್ಲಿ ನಿಲ್ಲಿಸುವ ಹಕ್ಕು ನಿವಾಸಿಗಳಿಗೆ ಮಾತ್ರ ಇರಲಿ ಎಂದು ಮನೆಮನೆಗೆ ಹೋಗಿ ಸಹಿ ಹಾಕಿಸಿದಳು. ಎಲ್ಲರಿಗೂ ಮೈ ಉರಿದಿತ್ತು, ಯಾರೂ ಇಲ್ಲವೆನ್ನಲಿಲ್ಲ. ಪಕ್ಕದ ಮನೆಯ ಬ್ಯಾಂಕಿನವರು ಮೊದಲ ಸಹಿ ಹಾಕಿ, “ನಿಮ್ಮಂಥೋರು ಒಬ್ರಿದ್ರೆ ಸಾಕಕ್ಕಾ,” ಎಂದು ಹೊಗಳಿದರು. ಅಧಿಕಾರಿ ಬಂದು ನೋಡಿ ತಲೆಯಾಡಿಸಿ ಹೋದ. ಮನವಿ ಮಂಜೂರಾಯಿತು.

ಆಕೆ ಎಡವಿದ್ದು ಅಲ್ಲೇ. ಬಸ್ಸಿನಲ್ಲಿ ಬದುಕು ಕಳೆದ ಹೆಂಗಸಿಗೆ ರಸ್ತೆ ಎಂದರೆ ಹತ್ತುವ ಜನ, ಇಳಿಯುವ ಜನ. ನಿವಾಸಿ ಎಂದರೆ ವಾಸವಿರುವವನು ಎಂದೇ ಆಕೆ ತಿಳಿದಿದ್ದಳು. ನಗರಸಭೆಯ ಕಣ್ಣಿಗೆ ನಿವಾಸಿ ಎಂದರೆ ಕಾರು ಇರುವವನು ಎಂಬುದು ಬಿಳಿ ಬಣ್ಣದ ಡಬ್ಬ ಬೀದಿಗೆ ಬಂದಾಗಲೇ ಗೊತ್ತಾಗಿದ್ದು.

ರಸ್ತೆಯುದ್ದಕ್ಕೂ ಕಾರು ನಿಲ್ಲುವ ಜಾಗಕ್ಕೆ ಚೌಕ ಎಳೆಯುತ್ತ ಬಂದ ಬಣ್ಣದವನು ಆಕೆಯ ಗೇಟಿನ ನೇರಕ್ಕೂ ಒಂದು ಚೌಕ ಎಳೆದ.

“ಏನಪ್ಪಾ, ಇಲ್ಲಿ ಗೇಟಿದೆ. ಕಣ್ಣು ಕಾಣಲ್ವಾ?”

“ಕಾಣುತ್ತಮ್ಮ. ಕಾರು ಒಳಗೆ ಹೋಗೋ ಗೇಟಿದ್ರೆ ಬಿಡು ಅಂದಿದಾರೆ. ನಿಮ್ದು ಮನುಷ್ಯರು ಹೋಗೋ ಗೇಟು.”

ಕಿಟಕಿಯ ಒಳಗೆ ಕುಳಿತಿದ್ದ ಗಂಡನೂ ಆ ಮಾತು ಕೇಳಿಸಿಕೊಂಡ.

ಚೌಕದಲ್ಲಿ ನಿಲ್ಲಿಸಲು ನಿವಾಸಿಗಳಿಗೆ ಪಾಸ್ ಕೊಡುವ ನಗರಸಭೆಯ ಕೌಂಟರಿನಲ್ಲಿ ಗುಮಾಸ್ತೆ ತಲೆ ಎತ್ತದೆ ಕೇಳಿದಳು. “ವಾಹನದ ನಂಬರ್ ಹೇಳಿ.”

“ವಾಹನ ಇಲ್ಲ.”

“ಮತ್ತೆ ಪಾಸ್ ಯಾಕಮ್ಮ?”

“ನಿಲ್ಲಿಸೋಕಲ್ಲ. ಆ ಜಾಗ ಖಾಲಿ ಇರಬೇಕು, ಅದಕ್ಕೆ.”

“ಖಾಲಿ ಇಡೋಕೆ ಪಾಸ್ ಕೊಡಲ್ಲ.”

“ಆಸ್ಪತ್ರೆ ವ್ಯಾನ್ ಬರುತ್ತೆ. ಅದಕ್ಕಾದ್ರೂ ಕೊಡಿ.”

“ಅದು ನಿಮ್ಮ ಬೀದಿ ನಿವಾಸಿ ಅಲ್ವಲ್ಲ.”

ಹಿಂತಿರುಗಿದಾಗ ಗೇಟಿನ ಮುಂದಿನ ಚೌಕದಲ್ಲಿ ಬ್ಯಾಂಕಿನವರ ಎರಡನೆಯ ಕಾರು ನಿಂತಿತ್ತು, ಗಾಜಿಗೆ ಹೊಸ ಪಾಸ್ ಅಂಟಿತ್ತು. ಆಕೆ ಹೋಗಿ ಕೇಳಿದ್ದಕ್ಕೆ ಅವರು ನಯವಾಗಿಯೇ ಹೇಳಿದರು. “ನೀವೇ ಓಡಾಡಿ ಕೊಡಿಸಿದ ಪಾಸ್ ಅಲ್ವಾ ಅಕ್ಕಾ? ಒಂದು ನಮ್ಮ ಮನೆ ಮುಂದೆ ನಿಂತಿದೆ. ಇನ್ನೊಂದನ್ನ ತಲೆ ಮೇಲೆ ಇಟ್ಕೊಳ್ಳಲಾ?”

“ನಿಮ್ಮ ತಲೆ ಮೇಲೆ ಜಾಗ ಇದ್ದೇ ಇದೆ. ಒಳಗೂ ಬೇಕಾದಷ್ಟು ಖಾಲಿ ಇರ್ಬೇಕು,” ಎಂದಳು ಕಂಡಕ್ಟರಮ್ಮ. ದನಿ ಬೀದಿಯ ತುದಿಯವರೆಗೂ ಹೋಯಿತು.

ಶಾಲೆಯ ವಾಹನಗಳೂ ಹೋಗಿರಲಿಲ್ಲ. ನಿಲ್ಲಬಾರದು ಎಂದಿತ್ತೇ ಹೊರತು ಮಕ್ಕಳನ್ನು ಇಳಿಸಬಾರದು ಎಂದಿರಲಿಲ್ಲ. ಬಿಳಿ ಚೌಕಗಳ ಪಕ್ಕದಲ್ಲಿ ಕಾರುಗಳು ಸಾಲಾಗಿ ತೆವಳುತ್ತಿದ್ದವು.

ಮುಂದಿನ ಡಯಾಲಿಸಿಸ್ ದಿನ ಆಕೆ ಬೇಗನೆ ಎದ್ದು ಗಂಡನ ಚಪ್ಪಲಿ ಬಾಗಿಲಿಗೆ ತಂದಿಟ್ಟಳು. ಮೂಲೆಯವರೆಗೆ ನಡೆಯಬೇಕಲ್ಲ, ಮೊದಲೇ ಹೊರಡೋಣ ಎಂದಳು. ಆತ ಚಪ್ಪಲಿ ಮೆಟ್ಟಲಿಲ್ಲ.

“ಇವತ್ತು ನಾನು ಮೂಲೆಗೆ ಬರಲ್ಲ,” ಎಂದ, ಎಂದಿನ ಮೆಲುದನಿಯಲ್ಲೇ. “ಮನುಷ್ಯರ ಗೇಟಲ್ವಾ, ಅಲ್ಲಿಂದಾನೇ ಹತ್ತುತೀನಿ. ವ್ಯಾನಿನವನಿಗೆ ಫೋನ್ ಮಾಡು.”

ಆಕೆ ಗಂಡನ ಮುಖವನ್ನೇ ನೋಡಿ, ಫೋನೆತ್ತಿದಳು.

“ರಸ್ತೆ ಮಧ್ಯೆನಾ? ಜನ ಹರಿದು ತಿಂತಾರಮ್ಮ,” ಎಂದ ವ್ಯಾನಿನವನು.

“ನೀನು ನಿಲ್ಸು. ಹರಿಯೋಕೆ ಮೊದ್ಲು ನಾನು ಸಿಗ್ತೀನಿ.”

ವ್ಯಾನ್ ಗೇಟಿನ ನೇರಕ್ಕೆ ಬಂದು ನಡುರಸ್ತೆಯಲ್ಲೇ ನಿಂತಿತು. ಆಕೆ ಅದರ ಹಿಂದೆ ಹೋಗಿ, ಕಾರುಗಳ ಸಾಲಿಗೆ ಎದುರಾಗಿ ಕೈ ಅಗಲಿಸಿ ನಿಂತಳು. ಹಾರ್ನ್ ಒಂದಕ್ಕೊಂದು ಸೇರಿ ಕಿವಿ ತುಂಬಿತು. ಗಂಡ ಬಾಗಿಲಿನಿಂದ ಗೇಟಿಗೆ, ಗೇಟಿನಿಂದ ಬ್ಯಾಂಕಿನವರ ಕಾರಿನ ಮೂತಿ ಬಳಸಿ ರಸ್ತೆಗೆ ಬಂದ. ಒಂದು ಹೆಜ್ಜೆ, ಒಂದು ಉಸಿರು. ಆತುರವಿರಲಿಲ್ಲ.

ಮೊದಲ ಕಾರಿನಿಂದ ಇಳಿದವನು ಶಾಲೆಯ ವಿಜ್ಞಾನ ಶಿಕ್ಷಕ. ಅದೇ ಶಾಲೆಯಲ್ಲಿ ಓದಿದವನು. ಯಾರೆಂದು ಗುರುತಾಗಿ ದನಿ ಇಳಿಸಿದ. “ಅಣ್ಣಾ, ನೀವಾ... ಸ್ವಲ್ಪ ಬೇಗ ಆಗುತ್ತಾ? ಮೊದಲ ಪೀರಿಯಡ್ ನಂದೇ.”

ಗಂಡ ನಿಂತು ಉಸಿರು ತೆಗೆದುಕೊಂಡ. “ಬೇಗ ಆಗಲ್ಲಪ್ಪ. ನೀನು ಪ್ರಾಕ್ಟಿಕಲ್ ಮುಗಿಸೋವರೆಗೆ ನಾನು ಎಷ್ಟು ಸಂಜೆ ಕಾದಿದೀನಿ. ಇವತ್ತು ನೀನು ಕಾಯಿ.”

ಶಿಕ್ಷಕ ಕಾರಿನ ಬಾಗಿಲಿಗೆ ಒರಗಿ ನಿಂತ. ಹಿಂದಿನವರು ಹಾರ್ನ್ ನಿಲ್ಲಿಸಲಿಲ್ಲ. ಅಂದು ಯಂತ್ರದ ಹೊತ್ತು ಪೂರ್ತಿ ಆತನಿಗೇ ಸಿಕ್ಕಿತು. ಸಂಜೆ ಎರಡು ತುತ್ತು ಹೆಚ್ಚಾಗಿಯೇ ಉಂಡ.

ಅಲ್ಲಿಂದ ಪ್ರತಿ ಸಲವೂ ಹೀಗೇ. ಕಂಡಕ್ಟರಮ್ಮ ರಸ್ತೆ ತಡೆಯುತ್ತಾಳೆ ಎಂದು ಶಾಲೆಯಿಂದಲೂ ಬ್ಯಾಂಕಿನವರಿಂದಲೂ ನಗರಸಭೆಗೆ ದೂರು ಹೋಗಿದೆ. ಆಕೆ ವ್ಯಾನಿಗೆ ಜಾಗ ಕೇಳಿ ಅಲೆದಾಡಿದಾಗ ಇಲ್ಲದ ಅವಸರ ಈಗ ಎಲ್ಲರಿಗೂ ಬಂದಿದೆ. ವಿಚಾರಣೆಗೆ ಅಧಿಕಾರಿ ಬರುತ್ತಾನಂತೆ. ಬರುವುದಾದರೆ ವ್ಯಾನ್ ಬರುವ ಹೊತ್ತಿಗೇ ಬರಲಿ ಎಂದು ಆಕೆ ಹೇಳಿಕಳಿಸಿದ್ದಾಳೆ. ನಡೆದುಕೊಂಡೇ ಬರಲಿ, ಅವನ ಕಾರು ನಿಲ್ಲಿಸಲು ಇಲ್ಲಿ ಜಾಗವಿಲ್ಲ ಎಂದೂ ಸೇರಿಸಿದ್ದಾಳೆ.